ರೈಲಿನ ವೇಗ ಕೈಗೆ ಕೊಟ್ಟ ಕೋವನ್

ಜೋಶುವಾ ಲಯೊನೆಲ್ ಕೋವನ್ ಹುಟ್ಟಿದ್ದು 1877ರಲ್ಲಿ, ನ್ಯೂಯಾರ್ಕ್‌ನ ಒಂದು ವಲಸಿಗ ಯಹೂದಿ ಕುಟುಂಬದಲ್ಲಿ. ಕಾಲೇಜು ಮುಗಿಸಲಿಲ್ಲ, ಆದ್ರೆ ಕೈ ಸುಮ್ನೆ ಕೂರಲಿಲ್ಲ. 1900ರಲ್ಲಿ ಹ್ಯಾರಿ ಗ್ರಾಂಟ್ ಜೊತೆ ಲಯೊನೆಲ್ ಕಂಪನಿ ಶುರು ಮಾಡಿದರು. ಫ್ಯಾನಿಗೆಂದು ಮಾಡಿದ್ದ ಪುಟ್ಟ ಮೋಟಾರನ್ನು ಮರದ ಗಾಡಿಗೆ ಕೂಡಿಸಿ ಹಳಿ ಮೇಲೆ ಓಡಿಸಿದರು. ಅಂಗಡಿ ಕಿಟಕಿಯಲ್ಲಿ ಗಿರಾಕಿಗಳನ್ನು ಸೆಳೆಯೋಕೆ ಇಟ್ಟ ಗಾಡಿ ಅದು. ಜನ ಸಾಮಾನು ಬಿಟ್ಟು ಗಾಡಿಯನ್ನೇ ಕೇಳಿದರು!

ಗಾಡಿ ಓಡಿದರೆ ಸಾಲದು, ವೇಗ ಮಕ್ಕಳ ಕೈಯಲ್ಲಿರಬೇಕು. ಅವರ ಕಂಪನಿ 1948ರಲ್ಲಿ ತಂದ ಜೆಡ್‌ಡಬ್ಲ್ಯೂ ಟ್ರಾನ್ಸ್‌ಫಾರ್ಮರ್ ಮಾಡಿದ್ದು ಅದನ್ನೇ. ಹಿಡಿ ತಿರುಗಿಸಿದರೆ ಒಳಗಿನ ಕಾರ್ಬನ್ ರೋಲರ್ ತಾಮ್ರದ ಸುರುಳಿ ಮೇಲೆ ಉರುಳುತ್ತೆ. ಎಷ್ಟು ಸುತ್ತು ಸಿಕ್ತೋ ಅಷ್ಟು ವೋಲ್ಟೇಜ್. ಹಳೆಯದಾದಾಗ ಕೆಡೋದೂ ಇಲ್ಲೇ. ರೋಲರ್ ಸವೆದರೆ ಕಿಡಿ ಹಾರುತ್ತೆ, ರೈಲು ಜರ್ಕ್ ಹೊಡೆಯುತ್ತೆ. ಹೊಸ ರೋಲರ್ ಹಾಕಿ ಸುರುಳಿಯ ಮಸಿ ತೆಗೆದರೆ ಮತ್ತೆ ನಯವಾಗಿ ಓಡುತ್ತೆ. ಸೀಟಿ ಊದೋಕೆ ಡಿಸಿ ಬೇಕು. ಅದನ್ನು ಕೊಡುವ ರೆಕ್ಟಿಫೈಯರ್ ಡಿಸ್ಕ್ ಸತ್ತಿದ್ದರೆ ಈಗ ಡಯೋಡ್ ಹಾಕ್ತಾರೆ. ಆದರೆ ಎಲ್ಲಕ್ಕಿಂತ ಮೊದಲು ಬಿರುಕು ಬಿಟ್ಟ ಪವರ್ ಕಾರ್ಡ್ ಬದಲಾಯಿಸಬೇಕು, ಇಲ್ಲಾಂದ್ರೆ ಪ್ರಾಣಕ್ಕೇ ಅಪಾಯ.

ಕೋವನ್ 1959ರಲ್ಲಿ ತಮ್ಮ ಷೇರು ಮಾರಿದರು, 1965ರಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಯನ್ನು ಮಾತ್ರ ಇವತ್ತಿಗೂ ಬಿಚ್ಚಿ ಸರಿ ಮಾಡಬಹುದು. ಅಂಟು ಹಾಕಿ ಮುಚ್ಚಿದ ನಮ್ಮ ಚಾರ್ಜರ್‌ಗಳಿಗೆ ಆ ಭಾಗ್ಯ ಇಲ್ಲ.