ಪಿಯರ್ ಡಿ ಫರ್ಮಾ

ಪಿಯರ್ ಡಿ ಫರ್ಮಾ (ನಿಧನ: 12 ಜನವರಿ 1665) ಫ್ರಾನ್ಸಿನ ಗಣಿತಜ್ಞ, ವಿಶ್ಲೇಷಣಾತ್ಮಕ ರೇಖಾಗಣಿತದ ಪ್ರವರ್ತಕರಲ್ಲೊಬ್ಬ. ದಕ್ಷಿಣ ಫ್ರಾನ್ಸಿನಲ್ಲಿ ಜನಿಸಿದ ಈತ ವೃತ್ತಿಯಿಂದ ನ್ಯಾಯವಾದಿ. 1631ರಿಂದ ಟುಲೂಸ್ ನಗರದ ಉಚ್ಚ ನ್ಯಾಯಸ್ಥಾನದ ಸದಸ್ಯ. ಗಣಿತ ಈತನ ಬಿಡುವಿನ ವೇಳೆಯ ವ್ಯಾಸಂಗವಾಗಿತ್ತು.

ಎರಡು ಅವ್ಯಕ್ತ ರಾಶಿಗಳಿರುವ ಸಮೀಕರಣವು ಸಮತಲದಲ್ಲಿ ಒಂದು ರೇಖೆಯನ್ನು ನಿರೂಪಿಸುತ್ತದೆಂದು ಈತ ತೋರಿಸಿಕೊಟ್ಟ. ಮೊದಲನೆಯ ಘಾತದ ಸಮೀಕರಣದಿಂದ ಸರಳರೇಖೆಯೂ ಎರಡನೆಯ ಘಾತದ ಸಮೀಕರಣಗಳಿಂದ ವೃತ್ತ, ಪರವಲಯ, ದೀರ್ಘವೃತ್ತ, ಅತಿಪರವಲಯಗಳೂ ದೊರೆಯುತ್ತವೆ. ವರ್ಗ ಸಮೀಕರಣದ ನಕ್ಷೆ ಪರವಲಯವಾಗುವುದು ಇದಕ್ಕೊಂದು ನಿದರ್ಶನ. ವಕ್ರರೇಖೆಯ ಗರಿಷ್ಠ, ಕನಿಷ್ಠ ಬಿಂದುಗಳನ್ನು ಕಂಡುಹಿಡಿಯುವ ವಿಧಾನವನ್ನೂ ಈತ ರೂಪಿಸಿದ. ಆ ನಕ್ಷೆಯ ಶೃಂಗ ಅಂಥದೊಂದು ಬಿಂದು.

1636ರ ವೇಳೆಗೆ ಸಿದ್ಧವಾಗಿದ್ದ ಈ ಬರೆಹ ಹಸ್ತಪ್ರತಿಯಾಗಿಯೇ ಉಳಿಯಿತು. 1637ರಲ್ಲಿ ರೆನೆ ಡೆಕಾರ್ಟ್‌ನ ಗ್ರಂಥ ಅಚ್ಚಾಗಿ, ನಿರ್ದೇಶಾಂಕ ಪದ್ಧತಿಗೆ ಅವನ ಹೆಸರೇ ನಿಂತಿತು. ಫರ್ಮಾನ ಕೃತಿಯು ಅವನು ತೀರಿಕೊಂಡ 14 ವರ್ಷಗಳ ಬಳಿಕ, 1679ರಲ್ಲಿ, ಮಗ ಸ್ಯಾಮ್ಯುಯಲ್‌ನ ಪ್ರಯತ್ನದಿಂದ ಪ್ರಕಟವಾಯಿತು.