ಮಾನಧನ ಪಾಲ್ ರೋಬ್ಸನ್

ಚೆಂಡಾಟದ ಸಂಬಳದಿಂದ ಕಾನೂನು ಓದಿ, ವಕೀಲಿಯನ್ನು ಬಿಟ್ಟು ನಟನಾಗಿ, ಕೀರ್ತಿಯ ಶಿಖರದಲ್ಲಿದ್ದಾಗಲೇ ಚಲಚ್ಚಿತ್ರವನ್ನೂ ತೊರೆದವನು ಅಮೆರಿಕೆಯ ಪಾಲ್ ರೋಬ್ಸನ್. ಈ ಎರಡನ್ನೂ ತೊರೆದುದಕ್ಕೆ ಕಾರಣ ಒಂದೇ: ದುಡಿಮೆಗೆ ಕೂಲಿಯಷ್ಟೇ ಸಾಲದು, ಮಾನವೂ ದೊರೆಯಬೇಕೆಂಬ ಹಟ.

ಆತನು ೧೮೯೮ರ ಏಪ್ರಿಲ್ ೯ರಂದು ನ್ಯೂಜೆರ್ಸಿ ಸಂಸ್ಥಾನದ ಪ್ರಿನ್ಸ್‌ಟನ್ನಿನಲ್ಲಿ ಜನಿಸಿದನು. ತಂದೆ ಗುಲಾಮರಾಗಿ ಹುಟ್ಟಿ, ಎಳವೆಯಲ್ಲೇ ತಪ್ಪಿಸಿಕೊಂಡು ಹೋಗಿ, ವಿದ್ಯೆ ಕಲಿತು ಪಾದ್ರಿಯಾದವರು. ತಾಯಿ ಬೆಂಕಿಯ ಅಪಘಾತದಲ್ಲಿ ತೀರಿಕೊಂಡಾಗ ಬಾಲಕನಿಗೆ ೬ ವರ್ಷವೂ ತುಂಬಿರಲಿಲ್ಲ. ವಿದ್ಯಾರ್ಥಿದೆಸೆಯ ಬೇಸಗೆಯಲ್ಲಿ ರೋಡ್ ಐಲೆಂಡಿನ ಹೋಟೆಲೊಂದರ ಅಡಿಗೆಮನೆಯಲ್ಲಿ ಪಾತ್ರೆ ಉಜ್ಜಿ, ಬಟಾಟೆ ಸುಲಿದು ನಾಲ್ಕು ಕಾಸು ಸಂಪಾದಿಸಿದನು.

೧೯೧೫ರಲ್ಲಿ ವಿದ್ಯಾರ್ಥಿವೇತನ ಪಡೆದು ರಟ್ಗರ್ಸ್ ಕಾಲೇಜನ್ನು ಸೇರಿದನು. ಅಂದು ಅಲ್ಲಿದ್ದ ಕರಿಯ ವಿದ್ಯಾರ್ಥಿ ಆತನೊಬ್ಬನೇ. ಅಮೆರಿಕೆಯ ಫುಟ್‌ಬಾಲ್ ನಮ್ಮದರಂತಲ್ಲ. ಚೆಂಡನ್ನು ಕೈಯಲ್ಲಿ ಹಿಡಿದೋಡುವ, ಎದುರಾಳಿಯನ್ನು ಹಿಡಿದು ಕೆಡಹುವ ಆಟ. ತಂಡಕ್ಕೆ ಆರಿಸುವ ಅಭ್ಯಾಸದಲ್ಲಿ ಬಿಳಿಯ ಆಟಗಾರರು ಆತನ ಮೂಗು ಮುರಿದರು, ಭುಜದ ಕೀಲು ತಪ್ಪಿಸಿದರು. ಗಾಯ ಮಾಗಿದೊಡನೆ ಆತನು ಮತ್ತೆ ಬಯಲಿಗಿಳಿದನು. ೧೯೧೭ ಮತ್ತು ೧೯೧೮ರಲ್ಲಿ ಇಡೀ ದೇಶದ ಅತ್ಯುತ್ತಮ ಕಾಲೇಜು ಆಟಗಾರರಲ್ಲಿ ಒಬ್ಬನೆಂದು ಎಣಿಸಲ್ಪಟ್ಟನು.

ಬಳಿಕ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಕಾನೂನು ವ್ಯಾಸಂಗ. ಅದರ ವೆಚ್ಚಕ್ಕಾಗಿ ೧೯೨೧ರಲ್ಲಿ ಆಕ್ರನ್ ತಂಡಕ್ಕೂ ೧೯೨೨ರಲ್ಲಿ ಮಿಲ್ವಾಕಿ ತಂಡಕ್ಕೂ ಸಂಬಳದ ಆಟಗಾರನಾಗಿ ಆಡಿದನು. ೧೯೨೩ರಲ್ಲಿ ಪದವಿ ಪಡೆದು ನ್ಯೂಯಾರ್ಕಿನ ವಕೀಲರ ಕಚೇರಿಯೊಂದನ್ನು ಸೇರಿದನು. ಕರಿಯನು ಹೇಳಿದುದನ್ನು ಬರೆದುಕೊಳ್ಳಲಾರೆನೆಂದು ಅಲ್ಲಿಯ ಸ್ಟೆನೋಗ್ರಾಫರ್ ನಿರಾಕರಿಸಿದಾಗ, ಆತನು ಕಚೇರಿಯನ್ನಷ್ಟೇ ಅಲ್ಲ, ಆ ವೃತ್ತಿಯನ್ನೇ ಬಿಟ್ಟನು.

ಪತ್ನಿ ಎಸ್ಲಾಂಡಾಳ ಒತ್ತಾಸೆ ಆತನನ್ನು ರಂಗಭೂಮಿಗೆ ಕರೆತಂದಿತು. ೧೯೨೫ರ 'ಬಾಡಿ ಅಂಡ್ ಸೋಲ್' ಎಂಬ ಮೂಕಚಿತ್ರದಲ್ಲಿ ದ್ವಿಪಾತ್ರ ವಹಿಸಿದನು. ೧೯೩೩ರ 'ದಿ ಎಂಪರರ್ ಜೋನ್ಸ್' ಚಿತ್ರದಲ್ಲಿ ನಾಯಕನಾದನು. ೧೯೩೬ರ 'ಷೋ ಬೋಟ್' ಚಿತ್ರದಲ್ಲಿ ಆತನ ಗಂಭೀರ ಕಂಠ ಲೋಕದ ಮನಸೂರೆಗೊಂಡಿತು.

ಆದರೆ ಕೀರ್ತಿಯೊಡನೆ ಕಹಿಯೂ ಬಂದಿತು. ಆಫ್ರಿಕದ ಸಂಸ್ಕೃತಿಯನ್ನು ಗೌರವದಿಂದ ತೋರಿಸುವರೆಂದು ನಂಬಿ ನಟಿಸಿದ 'ಸ್ಯಾಂಡರ್ಸ್ ಆಫ್ ದಿ ರಿವರ್' ೧೯೩೫ರಲ್ಲಿ ತೆರೆ ಕಂಡಾಗ ಬ್ರಿಟಿಷ್ ಆಳ್ವಿಕೆಯ ಗುಣಗಾನವಾಗಿತ್ತು. ಆತನು ನಾಚಿ ನೊಂದುಕೊಂಡನು. ವೇಲ್ಸಿನ ಗಣಿ ಕಾರ್ಮಿಕರ ಬಾಳನ್ನು ಚಿತ್ರಿಸಿದ ೧೯೪೦ರ 'ದಿ ಪ್ರೌಡ್ ವ್ಯಾಲಿ' ಮಾತ್ರ ಆತನಿಗೆ ತೃಪ್ತಿ ನೀಡಿತು. ೧೯೪೨ರ 'ಟೇಲ್ಸ್ ಆಫ್ ಮ್ಯಾನ್‌ಹಟನ್' ಚಿತ್ರ ಬಡ ಕರಿಯ ರೈತರನ್ನು ನಗೆಪಾಟಲು ಮಾಡಿದುದನ್ನು ಕಂಡು ಹಾಲಿವುಡ್ಡಿಗೆ ಬೆನ್ನು ತಿರುಗಿಸಿದನು. ಮರುವರ್ಷ ಬ್ರಾಡ್‌ವೇ ರಂಗಭೂಮಿಯಲ್ಲಿ ಆರಂಭವಾದ ಆತನ 'ಒಥೆಲೊ' ೨೯೬ ಪ್ರದರ್ಶನಗಳನ್ನು ಕಂಡಿತು.

ಕರಿಯರ ಹಾಗೂ ಕಾರ್ಮಿಕರ ಹಕ್ಕುಗಳಿಗಾಗಿ ನಿರ್ಭಯವಾಗಿ ಮಾತಾಡಿದ ಆತನ ಪಾಸ್‌ಪೋರ್ಟನ್ನು ಸರಕಾರ ೧೯೫೦ರಲ್ಲಿ ಕಸಿದುಕೊಂಡಿತು. ರಂಗಮಂದಿರಗಳು ಬಾಗಿಲು ಮುಚ್ಚಿದವು, ಸಂಪಾದನೆ ಕುಸಿಯಿತು. ಆದರೂ ಆತನು ತನ್ನ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ೧೯೩೮ರಲ್ಲೇ ಲಂಡನ್ನಿನಲ್ಲಿ ಭಾರತದ ಸ್ವಾತಂತ್ರ್ಯದ ಪರವಾಗಿ ನೆಹರೂ ಅವರೊಡನೆ ಸಭೆಯಲ್ಲಿ ಕಾಣಿಸಿಕೊಂಡಿದ್ದ ಈ ಮಿತ್ರನನ್ನು ಭಾರತ ಮರೆಯಲಿಲ್ಲ. ೧೯೫೮ರಲ್ಲಿ ಆತನ ೬೦ನೆಯ ಹುಟ್ಟುಹಬ್ಬವನ್ನು ಇಲ್ಲಿ ಆಚರಿಸಿದಾಗ ಸಮಿತಿಯ ಅಧ್ಯಕ್ಷತೆ ವಹಿಸಿದವರು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಂ. ಸಿ. ಚಾಗ್ಲಾ ಅವರು. ಪಾಸ್‌ಪೋರ್ಟ್ ಮರಳಿ ದೊರೆತುದೂ ಅದೇ ವರ್ಷ.

೧೯೭೬ರ ಜನವರಿ ೨೩ರಂದು ಫಿಲಡೆಲ್ಫಿಯಾದಲ್ಲಿ ರೋಬ್ಸನ್ ಕಾಲವಶನಾದನು. ಒಮ್ಮೆ ತನ್ನ ಮೂಗು ಮುರಿದ ಆ ಕಾಲೇಜು ಆಟದ ಕೀರ್ತಿಶಾಲಿಗಳ ಸಾಲಿಗೆ ಆತನ ಹೆಸರು ಸೇರಲು ೧೯೯೫ರವರೆಗೆ ಕಾಯಬೇಕಾಯಿತು.