ಜಾಕಿ ರಾಬಿನ್ಸನ್ನರೂ 1947ರ ಬೇಸ್‌ಬಾಲ್ ಋತುವೂ

1947ನೆಯ ಇಸವಿ ಎಂದೊಡನೆ ನಮ್ಮವರ ನೆನಪಿಗೆ ಬರುವುದು ಆಗಸ್ಟ್ 15. ಅದೇ ವರ್ಷದ ಏಪ್ರಿಲ್ 15ರಂದು ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ ನಡೆದ ಬೇಸ್‌ಬಾಲ್ ಪಂದ್ಯವೊಂದನ್ನು ಆ ದೇಶದವರು ಇಂದಿಗೂ ಪ್ರತಿವರ್ಷ ಸ್ಮರಿಸುತ್ತಾರೆ. ಅಂದು ಇಪ್ಪತ್ತೆಂಟು ವರ್ಷ ವಯಸ್ಸಿನ ಕಪ್ಪು ಯುವಕರೊಬ್ಬರು ಬಿಳಿಯರ ತಂಡದ ಉಡುಪನ್ನು ತೊಟ್ಟು ಮೈದಾನಕ್ಕೆ ಇಳಿದರು. ಆ ಆಟದ ಅತ್ಯುನ್ನತ ಶ್ರೇಣಿಯಲ್ಲಿ 1884ರ ಬಳಿಕ ಕಪ್ಪು ಜನಾಂಗದ ಯಾರಿಗೂ ಸ್ಥಾನ ದೊರೆತಿರಲಿಲ್ಲ. ಇದನ್ನು ನಿಷೇಧಿಸುವ ಲಿಖಿತ ನಿಯಮವೇನೂ ಇರಲಿಲ್ಲ. ತಂಡಗಳ ಮಾಲೀಕರು ತಮ್ಮೊಳಗೇ ಮಾಡಿಕೊಂಡ ಒಪ್ಪಂದವೇ ನಿಯಮವಾಗಿತ್ತು. ಬರೆದಿಟ್ಟ ಕಟ್ಟಳೆಗಿಂತ ಬರೆಯದ ಕಟ್ಟಳೆಯನ್ನು ಮುರಿಯುವುದು ಕಷ್ಟವೆಂಬುದು ಅಸ್ಪೃಶ್ಯತೆಯನ್ನು ಕಂಡ ನಮ್ಮ ನಾಡಿನವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಜಾಕ್ ರೂಸ್‌ವೆಲ್ಟ್ ರಾಬಿನ್ಸನ್ನರು ಹುಟ್ಟಿದ್ದು 1919ರ ಜನವರಿ 31ರಂದು, ಜಾರ್ಜಿಯಾ ರಾಜ್ಯದ ಕೈರೋ ಎಂಬ ಊರಿನಲ್ಲಿ. ತಂದೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡ ರೈತ. ಮಗು ಇನ್ನೂ ಎಳೆಯದಿರುವಾಗಲೇ ಆತ ಸಂಸಾರವನ್ನು ತೊರೆದು ಹೋದನು. ತಾಯಿ ಮ್ಯಾಲಿ ಎದೆಗುಂದಲಿಲ್ಲ. ಐದು ಮಕ್ಕಳನ್ನು ಕರೆದುಕೊಂಡು 1920ರಲ್ಲಿ ರೈಲು ಹತ್ತಿ, ಖಂಡದ ಇನ್ನೊಂದು ತುದಿಯಲ್ಲಿದ್ದ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಪಟ್ಟಣವನ್ನು ಸೇರಿದಳು. ಸಿರಿವಂತರ ಮನೆಗಳಲ್ಲಿ ಕೆಲಸ ಮಾಡಿ ಮಕ್ಕಳನ್ನು ಸಾಕಿದಳು. ಐವರಲ್ಲಿ ಜಾಕಿಯೇ ಕಿರಿಯವರು.

ಅಣ್ಣ ಮ್ಯಾಕ್ ಒಳ್ಳೆಯ ಓಟಗಾರ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟದಲ್ಲಿ ಪ್ರಸಿದ್ಧ ಜೆಸ್ಸಿ ಓವೆನ್ಸ್‌ರ ಹಿಂದೆಯೇ ಗುರಿ ಮುಟ್ಟಿ ಬೆಳ್ಳಿಯ ಪದಕವನ್ನು ಗಳಿಸಿದವರು. ಪದಕದೊಡನೆ ಊರಿಗೆ ಮರಳಿದ ಅವರಿಗೆ ಪ್ಯಾಸಡೀನಾದಲ್ಲಿ ದೊರೆತ ಉದ್ಯೋಗ ಬೀದಿ ಗುಡಿಸುವುದು. ಇದನ್ನು ಕಣ್ಣಾರೆ ಕಂಡು ಬೆಳೆದ ತಮ್ಮನಿಗೆ, ಪ್ರತಿಭೆಯೊಂದಿದ್ದರೆ ಸಾಕು ಬಾಗಿಲು ತಾನಾಗಿ ತೆರೆಯುತ್ತದೆಂಬ ಭ್ರಮೆ ಇರಲು ಸಾಧ್ಯವಿರಲಿಲ್ಲ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ರಾಬಿನ್ಸನ್ನರು ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಓಟ–ಜಿಗಿತ ಎಂಬ ನಾಲ್ಕು ವಿಭಾಗಗಳಲ್ಲಿಯೂ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿ ಗೌರವ ಪಡೆದರು. ಅಲ್ಲಿ ಆ ಸಾಧನೆ ಮಾಡಿದವರಲ್ಲಿ ಅವರೇ ಮೊದಲಿಗರು. 1942ರಲ್ಲಿ ಸೈನ್ಯಕ್ಕೆ ಕರೆ ಬಂತು. ಮರುವರ್ಷ ಅಧಿಕಾರಿಯ ಪದವಿಯೂ ದೊರೆಯಿತು. 1944ರ ಜುಲೈ ತಿಂಗಳಲ್ಲಿ ಟೆಕ್ಸಾಸಿನ ಸೈನಿಕ ಶಿಬಿರವೊಂದರಲ್ಲಿ ಬಸ್ಸಿನ ಚಾಲಕನು ಅವರಿಗೆ ಹಿಂದಿನ ಆಸನಕ್ಕೆ ಹೋಗುವಂತೆ ಆಜ್ಞಾಪಿಸಿದನು. ರಾಬಿನ್ಸನ್ನರು ಕದಲಲಿಲ್ಲ. ಪರಿಣಾಮವಾಗಿ ಸೈನಿಕ ನ್ಯಾಯಾಲಯದ ಮುಂದೆ ಆರೋಪಿಯಾಗಿ ನಿಲ್ಲಬೇಕಾಯಿತು. ವಿಚಾರಣೆಯಲ್ಲಿ ನಿರ್ದೋಷಿಯೆಂದು ತೀರ್ಪಾಯಿತು. ಈ ಪ್ರಸಂಗವನ್ನು ಓದುಗರು ಮನಸ್ಸಿನಲ್ಲಿಡಬೇಕು. ರಾಬಿನ್ಸನ್ನರು ಹುಟ್ಟಿನಿಂದ ಸಹನಶೀಲರಾಗಿರಲಿಲ್ಲ. ಅನ್ಯಾಯವನ್ನು ಕಂಡಲ್ಲಿಯೇ ಎದುರಿಸುವ ಸ್ವಭಾವ ಅವರದು.

ಸೈನ್ಯದಿಂದ ಬಿಡುಗಡೆಯಾದ ಮೇಲೆ 1945ರಲ್ಲಿ ಕಪ್ಪು ಆಟಗಾರರದೇ ತಂಡವಾದ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ಸೇರಿ ಆಡುತ್ತಿದ್ದರು. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಾಧಿಕಾರಿ ಬ್ರಾಂಚ್ ರಿಕಿ ಅವರಿಂದ ಕರೆ ಬಂದದ್ದು ಆಗ. ಆ ವರ್ಷದ ಆಗಸ್ಟ್ 28ರಂದು ಇಬ್ಬರೂ ಭೇಟಿಯಾದರು. ರಿಕಿಯವರು ಮೈದಾನದಲ್ಲಿ, ಹೋಟೆಲಿನಲ್ಲಿ, ರೈಲಿನಲ್ಲಿ ಎದುರಾಗಬಹುದಾದ ಅವಮಾನಗಳನ್ನೆಲ್ಲ ತಾವೇ ಅಭಿನಯಿಸಿ ತೋರಿಸಿದರು. ಅವುಗಳಿಗೆ ಕೈಯಿಂದಾಗಲಿ ಬಾಯಿಂದಾಗಲಿ ಪ್ರತ್ಯುತ್ತರ ಕೊಡಕೂಡದೆಂಬುದು ಅವರ ಷರತ್ತು. ಒಂದು ಜಗಳವಾದರೂ ಸಾಕು, ಕಪ್ಪು ಜನರು ಈ ಆಟಕ್ಕೆ ಯೋಗ್ಯರಲ್ಲವೆಂದು ವಿರೋಧಿಗಳು ಸಾರಿ, ಬಾಗಿಲನ್ನು ಮತ್ತೆ ಭದ್ರವಾಗಿ ಮುಚ್ಚಿಬಿಡುವರೆಂಬುದು ಅವರ ತರ್ಕವಾಗಿತ್ತು. ರಾಬಿನ್ಸನ್ನರು ಯೋಚಿಸಿ ಒಪ್ಪಿಕೊಂಡರು.

1946ರ ಫೆಬ್ರವರಿಯಲ್ಲಿ ರೇಚಲ್ ಇಸಮ್ ಅವರೊಡನೆ ವಿವಾಹವಾಯಿತು. ಆ ವರ್ಷ ಡಾಡ್ಜರ್ಸ್‌ನ ಕೆಳಶ್ರೇಣಿಯ ತಂಡವಾದ ಕೆನಡಾದ ಮಾಂಟ್ರಿಯಲ್ ರಾಯಲ್ಸ್ ಪರವಾಗಿ ಆಡಿ, ತಮ್ಮ ಶ್ರೇಣಿಯಲ್ಲೇ ಅತ್ಯುತ್ತಮ ದಾಂಡಿಗರೆನಿಸಿದರು. ಮುಂದಿನ ವರ್ಷ ಮೇಲಿನ ಶ್ರೇಣಿಗೆ ಬರುವುದು ನಿಶ್ಚಿತವೆಂದಾಗ, ಡಾಡ್ಜರ್ಸ್ ತಂಡದೊಳಗೇ ಕೆಲವರು ಅವರೊಡನೆ ಆಡಲಾರೆವೆಂದು ಮನವಿ ಸಿದ್ಧಪಡಿಸತೊಡಗಿದರು. ತಂಡದ ಮ್ಯಾನೇಜರ್ ಲಿಯೋ ಡ್ಯುರೋಷರ್ ಅವರು ಅರ್ಧರಾತ್ರಿಯಲ್ಲಿ ಆಟಗಾರರನ್ನೆಲ್ಲ ಎಬ್ಬಿಸಿ, ಚೆನ್ನಾಗಿ ಆಡುವವನ ಬಣ್ಣ ತನಗೆ ಮುಖ್ಯವಲ್ಲವೆಂದು ಗದರಿಸಿ ಆ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿದರು.

ನಮ್ಮ ಕಡೆ ಬೇಸ್‌ಬಾಲ್ ಬಲ್ಲವರು ವಿರಳವಾದುದರಿಂದ ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಪ್ರತಿ ಬದಿಯೂ 90 ಅಡಿ ಇರುವ ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು, ಇವೇ ‘ಬೇಸ್’. ಒಂದು ಮೂಲೆಯಲ್ಲಿ ನಿಂತು ದುಂಡಗಿನ ದಾಂಡಿನಿಂದ ಚೆಂಡನ್ನು ಹೊಡೆದವನು ಉಳಿದ ಮೂರು ನೆಲೆಗಳನ್ನು ಸುತ್ತಿ ಹೊರಟಲ್ಲಿಗೇ ಮರಳಿದರೆ ಒಂದು ಓಟ ಲಭಿಸುತ್ತದೆ. ಎದುರಾಳಿ ಚೆಂಡನ್ನು ಎಸೆಯುವ ಸಂದಿನಲ್ಲೇ ಒಂದು ನೆಲೆಯಿಂದ ಮುಂದಿನ ನೆಲೆಗೆ ಧಾವಿಸುವುದಕ್ಕೆ ನೆಲೆಯನ್ನು ಕದಿಯುವುದು ಎನ್ನುತ್ತಾರೆ. ಇದು ಕೆಚ್ಚಿನ ವಿದ್ಯೆ. ಎಸೆತಗಾರನ ಮನಸ್ಸನ್ನು ಕದಡುವ ವಿದ್ಯೆ. ರಾಬಿನ್ಸನ್ನರು ಇದರಲ್ಲಿ ನಿಪುಣರು. ಬಾಯಿಂದ ಹೇಳಲಾಗದುದನ್ನೆಲ್ಲ ಅವರು ಕಾಲಿನಿಂದ ಹೇಳಿದರೆಂದರೆ ತಪ್ಪಾಗದು.

ಏಪ್ರಿಲ್ 15ರ ಪಂದ್ಯ ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ, ಬಾಸ್ಟನ್ ಬ್ರೇವ್ಸ್ ತಂಡದ ವಿರುದ್ಧ ನಡೆಯಿತು. ನೆರೆದ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಪ್ರೇಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಜನರೆಂದು ಅಂದಾಜು. ಅಂಗಿಯ ಮೇಲೆ 42ರ ಅಂಕೆ ಧರಿಸಿದ್ದ ರಾಬಿನ್ಸನ್ನರಿಗೆ ಅಂದು ಒಂದು ಹೊಡೆತವೂ ಒಲಿಯಲಿಲ್ಲ. ಎದುರಾಳಿಗಳ ತಪ್ಪಿನಿಂದ ನೆಲೆ ತಲಪಿ ಒಂದು ಓಟ ಗಳಿಸಿದರು. ಡಾಡ್ಜರ್ಸ್ 5–3ರಿಂದ ಗೆದ್ದಿತು.

ವಾರ ಕಳೆಯುವಷ್ಟರಲ್ಲಿ ನಿಜವಾದ ಪರೀಕ್ಷೆ ಎದುರಾಯಿತು. ಏಪ್ರಿಲ್ 22ರಂದು ಫಿಲಡೆಲ್ಫಿಯಾ ತಂಡ ಬ್ರೂಕ್ಲಿನ್‌ಗೆ ಬಂದಾಗ, ಅದರ ಮ್ಯಾನೇಜರ್ ಬೆನ್ ಚ್ಯಾಪ್‌ಮನ್ ಮತ್ತು ಸಂಗಡಿಗರು ಆಟದುದ್ದಕ್ಕೂ ಜನಾಂಗನಿಂದೆಯ ಹೊಲಸು ಮಾತುಗಳನ್ನು ಕೂಗಿದರು. ದಾಂಡನ್ನು ಎಸೆದು ಆ ಗುಂಪಿಗೆ ನುಗ್ಗಿಬಿಡುವಷ್ಟು ಕೋಪ ತಮಗೆ ಬಂದಿತ್ತೆಂದು ರಾಬಿನ್ಸನ್ನರು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು. ಆದರೆ ನುಗ್ಗಲಿಲ್ಲ. ಆ ಪಂದ್ಯದಲ್ಲಿ ಬಂದ ಒಂದೇ ಒಂದು ಓಟವನ್ನು ಗಳಿಸಿದವರು ಅವರೇ. ಮರುದಿನಗಳಲ್ಲಿಯೂ ನಿಂದೆ ಮುಂದುವರಿದಾಗ ತಂಡದ ಬಿಳಿಯ ಆಟಗಾರ ಎಡ್ಡಿ ಸ್ಟ್ಯಾಂಕಿ ಎದ್ದುನಿಂತು, ಉತ್ತರ ಕೊಡಲಾಗದವನನ್ನು ಹಳಿಯುವವರು ಹೇಡಿಗಳೆಂದು ಎದುರಾಳಿಗಳನ್ನು ಜರೆದನು. ತಂಡವನ್ನು ಒಡೆಯಲು ಹೊರಟವರೇ ಅದನ್ನು ಒಂದುಗೂಡಿಸಿದಂತಾಯಿತು. ಇದಾದ ಒಂದೇ ವಾರಕ್ಕೆ, ಏಪ್ರಿಲ್ 29ರಂದು, ದೆಹಲಿಯಲ್ಲಿ ನಮ್ಮ ಸಂವಿಧಾನ ಸಭೆಯು ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸುವ ವಿಧಿಯನ್ನು ಅಂಗೀಕರಿಸಿತು. ಭೂಮಿಯ ಎರಡು ಕಡೆಗಳಲ್ಲಿ, ಒಂದರ ಅರಿವು ಇನ್ನೊಂದಕ್ಕಿಲ್ಲದೆ, ಒಂದೇ ರೋಗಕ್ಕೆ ಚಿಕಿತ್ಸೆ ನಡೆದಿತ್ತು.

ಮೇ ತಿಂಗಳಲ್ಲಿ ಸೇಂಟ್ ಲೂಯಿಸ್ ತಂಡದವರು ಮುಷ್ಕರ ಹೂಡಲು ಯೋಚಿಸುತ್ತಿದ್ದಾರೆಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಲೀಗಿನ ಅಧ್ಯಕ್ಷ ಫೋರ್ಡ್ ಫ್ರಿಕ್ ಅವರು ಹಾಗೆ ಮಾಡಿದವರನ್ನೆಲ್ಲ ಅಮಾನತುಗೊಳಿಸುವುದಾಗಿ ಖಚಿತವಾಗಿ ತಿಳಿಸಿದರು. ಮುಷ್ಕರ ನಡೆಯಲಿಲ್ಲ. ಬೆದರಿಕೆಯ ಪತ್ರಗಳು ಬರುತ್ತಲೇ ಇದ್ದವು. ಎಸೆತಗಾರರ ಚೆಂಡು ಆ ಋತುವಿನಲ್ಲಿ ಒಂಬತ್ತು ಬಾರಿ ಅವರ ಮೈಗೆ ಬಡಿಯಿತು. ಆಗಸ್ಟ್ 20ರಂದು, ಸೇಂಟ್ ಲೂಯಿಸ್‌ನ ಎನೋಸ್ ಸ್ಲಾಟರ್ ಓಡಿ ಬಂದು ತನ್ನ ಮೊಳೆಬೂಟಿನಿಂದ ರಾಬಿನ್ಸನ್ನರ ಕಾಲನ್ನು ತುಳಿದನು. ಅದು ಉದ್ದೇಶಪೂರ್ವಕವಲ್ಲವೆಂದು ಆತ ಕೊನೆಯವರೆಗೂ ವಾದಿಸಿದನು.

ಅಂಕಿಗಳು ಏನನ್ನುತ್ತವೆ? ಆರಂಭದಲ್ಲಿ ಸತತವಾಗಿ ಇಪ್ಪತ್ತು ಸರದಿಗಳಲ್ಲಿ ಒಂದು ಹೊಡೆತವೂ ದಕ್ಕದ ದುರ್ದಿನಗಳಿದ್ದವು. ಹೊಸ ಮ್ಯಾನೇಜರ್ ಬರ್ಟ್ ಶಾಟನ್ ಅವರನ್ನು ಕೈಬಿಡಲಿಲ್ಲ. ಋತು ಮುಗಿಯುವಾಗ 151 ಪಂದ್ಯಗಳಲ್ಲಿ 590 ಸರದಿಗಳಿಗೆ 175 ಹೊಡೆತಗಳು, 125 ಓಟಗಳು, 12 ಹೋಮ್ ರನ್‌ಗಳು ಅವರ ಹೆಸರಿನಲ್ಲಿದ್ದವು. ಹತ್ತರಲ್ಲಿ ಮೂರು ಸಲ ಸಫಲನಾದವನನ್ನು ಶ್ರೇಷ್ಠನೆನ್ನುವ ಆಟವಿದು. ಅವರು ಆ ಅಳತೆಯನ್ನು ಬಹುಮಟ್ಟಿಗೆ ಮುಟ್ಟಿದ್ದರು. ಕದ್ದ ನೆಲೆಗಳು 29. ಆ ಲೀಗಿನಲ್ಲಿ ಅದೇ ಅತಿ ಹೆಚ್ಚು. ಆ ವರ್ಷ ಮೊದಲ ಬಾರಿಗೆ ಸ್ಥಾಪಿತವಾದ ಶ್ರೇಷ್ಠ ನವಾಗತ ಪ್ರಶಸ್ತಿ ಅವರಿಗೇ ಸಂದಿತು. ಡಾಡ್ಜರ್ಸ್ 94 ಪಂದ್ಯಗಳನ್ನು ಗೆದ್ದು ಲೀಗಿನ ಅಗ್ರಸ್ಥಾನಕ್ಕೇರಿತು. ಆದರೆ ಅಂತಿಮವಾದ ವಿಶ್ವ ಸರಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಏಳು ಪಂದ್ಯಗಳ ಹೋರಾಟದಲ್ಲಿ ಸೋತಿತು. ಜುಲೈ ತಿಂಗಳಲ್ಲೇ ಕ್ಲೀವ್‌ಲ್ಯಾಂಡ್ ತಂಡದಲ್ಲಿ ಲ್ಯಾರಿ ಡೋಬಿ ಎಂಬ ಮತ್ತೊಬ್ಬ ಕಪ್ಪು ಆಟಗಾರರು ಕಾಲಿಟ್ಟಿದ್ದರು. ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ.

ಮೌನದ ಅವಧಿ ಮುಗಿದ ಬಳಿಕ ರಾಬಿನ್ಸನ್ನರು ತಮ್ಮ ಸಹಜ ಸ್ವಭಾವಕ್ಕೆ ಮರಳಿದರು. 1949ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರರೆಂಬ ಬಿರುದು ಬಂತು. ತಪ್ಪು ತೀರ್ಪನ್ನು ಪ್ರಶ್ನಿಸಿದರು, ಅವಮಾನಿಸಿದವರಿಗೆ ಉತ್ತರಿಸಿದರು. ಮೂಕರಾಗಿದ್ದಾಗ ಹೊಗಳಿದ್ದ ಕೆಲವು ಪತ್ರಿಕೆಗಳು ಈಗ ಅವರನ್ನು ಜಗಳಗಂಟರೆಂದವು. 1955ರಲ್ಲಿ ಡಾಡ್ಜರ್ಸ್ ಯಾಂಕೀಸರನ್ನು ಸೋಲಿಸಿ ವಿಶ್ವ ಸರಣಿಯನ್ನು ಗೆದ್ದಿತು. 1957ರ ಆರಂಭದಲ್ಲಿ ಅವರು ನಿವೃತ್ತಿಯನ್ನು ಪ್ರಕಟಿಸಿದರು. 1962ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದ ಪ್ರಥಮ ಕಪ್ಪು ಆಟಗಾರರಾದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೋರಾಟಕ್ಕೆ ಹೆಗಲು ಕೊಟ್ಟರು. ಕಪ್ಪು ಜನರಿಗೆ ಸಾಲ ದೊರೆಯಲೆಂದು ಹಾರ್ಲೆಮ್‌ನಲ್ಲಿ ಬ್ಯಾಂಕೊಂದನ್ನು ಕಟ್ಟಲು ಶ್ರಮಿಸಿದರು.

ಅವರನ್ನು ದೋಷಾತೀತರೆಂದು ಚಿತ್ರಿಸುವುದು ಸರಿಯಲ್ಲ. 1949ರಲ್ಲಿ ಸಂಸತ್ತಿನ ಸಮಿತಿಯೊಂದರ ಮುಂದೆ ಮಹಾನ್ ಗಾಯಕ ಪಾಲ್ ರೋಬ್ಸನ್‌ರ ಹೇಳಿಕೆಗೆ ವಿರುದ್ಧವಾಗಿ ಸಾಕ್ಷ್ಯ ನುಡಿದುದಕ್ಕೆ ಬಾಳಿನ ಕೊನೆಯಲ್ಲಿ ವ್ಯಥೆಪಟ್ಟರು. ರಿಕಿಯವರ ಔದಾರ್ಯದಲ್ಲೂ ವ್ಯಾಪಾರಬುದ್ಧಿ ಬೆರೆತಿತ್ತು. ಮೊನಾರ್ಕ್ಸ್ ತಂಡಕ್ಕೆ ಅವರು ಬಿಡಿಗಾಸಿನ ಪರಿಹಾರವನ್ನೂ ಕೊಡಲಿಲ್ಲ. ಒಳ್ಳೆಯ ಆಟಗಾರರು ದೊಡ್ಡ ತಂಡಗಳಿಗೆ ಹೊರಟುಹೋದಂತೆ ಕಪ್ಪು ಜನರದೇ ಆಗಿದ್ದ ಲೀಗುಗಳು ಸೊರಗಿ ಅಳಿದವು.

ಕೊನೆಯ ದಿನಗಳು ಸುಖದವಲ್ಲ. ಸಿಹಿಮೂತ್ರ ರೋಗ ದೃಷ್ಟಿಯನ್ನು ಕಸಿಯಿತು. ಹಿರಿಯ ಮಗನು 1971ರಲ್ಲಿ ಕಾರು ಅಪಘಾತದಲ್ಲಿ ಮಡಿದನು. 1972ರ ಅಕ್ಟೋಬರ್ 15ರಂದು ವಿಶ್ವ ಸರಣಿಯ ಸಂದರ್ಭದಲ್ಲಿ ಸನ್ಮಾನ ಸ್ವೀಕರಿಸಿದ ಅವರು, ತಂಡದ ಮ್ಯಾನೇಜರ್ ಪದವಿಯಲ್ಲಿ ಒಬ್ಬ ಕಪ್ಪು ವ್ಯಕ್ತಿಯನ್ನು ಕಾಣುವ ದಿನಕ್ಕಾಗಿ ಇನ್ನೂ ಕಾಯುತ್ತಿದ್ದೇನೆಂದು ಆ ಗೌರವದ ವೇದಿಕೆಯಲ್ಲೇ ತಿಳಿಸಿದರು. ಒಂಬತ್ತು ದಿನಗಳ ಬಳಿಕ, ಅಕ್ಟೋಬರ್ 24ರಂದು, ತಮ್ಮ 53ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಆಸೆ 1975ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಕೈಗೂಡಿತು. 1997ರಲ್ಲಿ, ಆ ಋತುವಿಗೆ ಐವತ್ತು ತುಂಬಿದಾಗ, 42ರ ಅಂಕೆಯನ್ನು ಎಲ್ಲ ತಂಡಗಳಲ್ಲಿಯೂ ಅವರ ಗೌರವಾರ್ಥ ಮೀಸಲಿಡಲಾಯಿತು. ಇಂದು ಏಪ್ರಿಲ್ 15ರಂದು ಮಾತ್ರ ಎಲ್ಲ ಆಟಗಾರರೂ ಅದೇ ಅಂಕೆಯನ್ನು ಧರಿಸಿ ಆಡುತ್ತಾರೆ.

ನಾವು ಅಧ್ಯಾಪಕರು ಇಂತಹ ಚರಿತ್ರೆಯನ್ನು ಹೇಳಿ, ಮಕ್ಕಳೇ ತಾಳ್ಮೆ ಕಲಿಯಿರಿ ಎಂದು ಮುಗಿಸಿಬಿಡುವುದುಂಟು. ಅಷ್ಟಕ್ಕೇ ನಿಂತರೆ ಪಾಠ ಅರ್ಧವಾಯಿತು. ರಾಬಿನ್ಸನ್ನರ ತಾಳ್ಮೆಗೆ ಒಂದು ಗುರಿಯಿತ್ತು, ಒಂದು ಅವಧಿಯಿತ್ತು. ಅದು ಫಲಿಸಿದ್ದು ಅವರೊಬ್ಬರ ಸಹನೆಯಿಂದ ಮಾತ್ರವಲ್ಲ. ರಿಕಿ ಬಾಗಿಲು ತೆರೆದರು, ಡ್ಯುರೋಷರ್ ಗದರಿಸಿದರು, ಸ್ಟ್ಯಾಂಕಿ ಎದ್ದುನಿಂತನು, ಫ್ರಿಕ್ ಎಚ್ಚರಿಸಿದರು. ನೊಂದವನಿಗೆ ತಾಳ್ಮೆಯನ್ನು ಬೋಧಿಸುವ ಹಕ್ಕು ನೋಯಿಸುವವನನ್ನು ತಡೆಯಲು ಸಿದ್ಧನಾದವನಿಗೆ ಮಾತ್ರ ಇದೆ. ಈ ಶಾಲೆಯಲ್ಲಿ ಕಲಿತು ಇಂದು ತಂದೆತಾಯಿಗಳೂ ಅಧ್ಯಾಪಕರೂ ಅಧಿಕಾರಿಗಳೂ ಆಗಿರುವ ನಮ್ಮ ಹಳೆ ವಿದ್ಯಾರ್ಥಿಗಳು, ತರಗತಿಯ ಕೊನೆಯ ಬೆಂಚಿನಲ್ಲಿ ಮೂಕನಾಗಿ ಕುಳಿತ ಮಗುವನ್ನು ಕಂಡಾಗ ಈ ಮಾತನ್ನು ನೆನೆಯಲಿ ಎಂದು ಹಾರೈಸುತ್ತೇನೆ.